ಬಾಣಂತಿಯ ಅರಿಷ್ಟ

ಅಧ್ಯಕ್ಷತೆ ವಹಿಸಿರುವ ಪೂಜ್ಯ ಫಾದರ್ ಪೌಲೋಸ್ ಅವರೇ, ಮುಖ್ಯ ಅತಿಥಿಗಳಾದ ಡಾಕ್ಟರಮ್ಮನವರೇ, ನಮ್ಮ ಕೂಟದ ಹಿರಿಯರೂ ಶಾಲೆಯ ಮೇಷ್ಟರೂ ಆದ ವೇಲಾಯುಧನ್ ಮಾಷ್ ಅವರೇ, ಕುಡಿತ ಬಿಟ್ಟವರೇ, ಬಿಡಲು ಹೆಣಗುತ್ತಿರುವವರೇ, ನಮ್ಮ ಕುಡಿತವನ್ನು ನಮಗಿಂತ ಹೆಚ್ಚು ಅನುಭವಿಸಿದ ಮನೆಯವರೇ, ಸಭಿಕರೇ,

ಕುಡಿತ ಬಿಟ್ಟ ದಿನವೇ ಹುಟ್ಟಿದ ದಿನ ಎಂಬುದು ನಮ್ಮ ಕೂಟದ ಪದ್ಧತಿ. ಆ ಪ್ರಕಾರ ಐವತ್ತೆಂಟರ ಈ ವರೀದನಿಗೆ ಇಂದು ಒಂಬತ್ತು ತುಂಬಿತೆಂದು ಕೇಕ್ ತರಿಸಿದ್ದೀರಿ. ಪದಕ ಹಾಕಲು ನನ್ನ ಹೆಂಡತಿ ರೋಸಿಲಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದೀರಿ. ಅದಕ್ಕೂ ಮುಂಚೆ ಎರಡು ಮಾತಾಡು ಎಂದಿದ್ದೀರಿ. ಎರಡರಲ್ಲಿ ಮುಗಿಯುವುದಿಲ್ಲ ಮಾಷ್, ಕ್ಷಮಿಸಬೇಕು.

ನಾನು ಇಲ್ಲಿಗೆ ಬಂದದ್ದಾದರೂ ಹೇಗೆ? ಈ ಕುನ್ನಂಕುಳಂ ಪೇಟೆಯಲ್ಲಿ ನೋಟ್‌ಬುಕ್ ಹೊಲಿಯುವುದು, ಕಾಗದ ಕತ್ತರಿಸುವುದು ನನ್ನ ಕಸುಬು. ಒಂದು ದಿನ ಮಾಷ್ ಐನೂರು ಕರಪತ್ರ ಕತ್ತರಿಸಲು ಕೊಟ್ಟು ಹೋದರು. ಕುಡಿತ ಬಿಡಬೇಕೆನ್ನುವವರು ಭಾನುವಾರ ಸಂಜೆ ಬನ್ನಿ ಎಂದು ಮೇಲೆ, ವಿಳಾಸ ಕೆಳಗೆ. ಬೆಳಗಿನ ಗುಟುಕು ಬಿದ್ದಿರಲಿಲ್ಲ, ಕೈ ನಡುಗಿತು, ಕಟ್ಟು ಜಾರಿತು. ಐನೂರರಲ್ಲೂ ವಿಳಾಸವೇ ಕತ್ತರಿಸಿ ಹೋಯಿತು. ಮಾಷ್ ಬೈಯಲಿಲ್ಲ. ನನ್ನ ಕೈಯನ್ನೇ ನೋಡುತ್ತಾ, "ವಿಳಾಸ ಹೋದ್ರೆ ಹೋಗ್ಲಿ ವರೀದೇ, ಬೇಕಾದೋನಿಗೆ ನಾನೇ ಬಾಯಲ್ಲಿ ಹೇಳ್ತೀನಿ" ಎಂದರು.

ಸತ್ಯ ಹೇಳುತ್ತೇನೆ, ಮೊದಲ ತಿಂಗಳು ನಾನು ಬಂದದ್ದು ಇಲ್ಲಿನ ಹಾಲಿಲ್ಲದ ಕಟ್ಟನ್ ಚಾಯ, ಬೇಳೆವಡೆಗಾಗಿ. ಬಾಗಿಲ ಪಕ್ಕ ಕೂತು ತಿಂದು ಎದ್ದು ಹೋಗುತ್ತಿದ್ದೆ. ಮೂರನೆಯ ತಿಂಗಳು ಮಾತಾಡಲು ಬಾಯಿ ತೆರೆದೆ, ಅತ್ತುಬಿಟ್ಟೆ. ಯಾರೂ ನಗಲಿಲ್ಲ. ಅಷ್ಟು ಜನ ಗಂಡಸರು ಕೂತಲ್ಲಿ ಒಬ್ಬ ಗಂಡಸು ಅತ್ತರೂ ನಗದವರು ಈ ಊರಿನಲ್ಲಿ ಬೇರೆಲ್ಲಿ ಇದ್ದಾರೆ, ಹೇಳಿ?

ಇನ್ನು, ಹೇಳಬೇಕಾದದ್ದು.

ಎರಡು ತಿಂಗಳ ಹಿಂದೆ ನಮ್ಮ ಮಗಳು ಜಿನ್ಸಿ ಹೆತ್ತಳು. ಬಾಣಂತನಕ್ಕೆ, ಊರಿಗೆಲ್ಲ ಅಕ್ಕನಾದ ಅಮ್ಮಿಣಿ ಚೇಚಿಯನ್ನು ಕರೆಸಿದೆವು. ಮೂವತ್ತು ವರ್ಷದಿಂದ ಊರಿನ ಕೂಸುಗಳಿಗೆ ಎಣ್ಣೆ ಹಚ್ಚಿ ಮೀಯಿಸುತ್ತಾ ಬಂದ ಕೈ ಅದು. ಮನೆಗೆ ದಶಮೂಲಾರಿಷ್ಟವೂ ಬಂತು. ಬಾಣಂತಿ ಇರುವ ಮನೆಯಲ್ಲಿ ಅದು ಇರಲೇಬೇಕಲ್ಲ. ಬೆಲ್ಲ ಹಾಕಿ ಹುಳಿ ಬರಿಸಿದ ಮದ್ದು. ಹುಳಿ ಬಂದದ್ದರಲ್ಲಿ ಏನಿರುತ್ತದೆ ಎಂದು ಈ ಸಭೆಗೆ ನಾನು ಹೇಳಬೇಕೇ? ಒಂದು ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಒಂದು ಚಮಚ ಕುಡಿದೆ. ಮದ್ದು ತಾನೇ ಎಂದುಕೊಂಡೆ. ವಾರದಲ್ಲಿ ಚಮಚ ಲೋಟವಾಯಿತು. ಹಾಗಿದ್ದೂ ಭಾನುವಾರ ಇಲ್ಲಿ ಬಂದು ಹೊಸಬರಿಗೆ ಬುದ್ಧಿ ಹೇಳಿದೆ. ನೀವು ಚಪ್ಪಾಳೆ ತಟ್ಟಿದಿರಿ.

ಬಾಟಲಿ ಇಳಿಯುತ್ತಿರುವುದು ರೋಸಿಲಿಯ ಕಣ್ಣಿಗೆ ಬಿತ್ತು. ಅವಳು ನನ್ನನ್ನು ಅನುಮಾನಿಸಲಿಲ್ಲ. ಒಂಬತ್ತು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ನಂಬಿಕೆ ಅವಳದು, ಅದರಲ್ಲಿ ತಪ್ಪೇನು? ಹೊರಗಿನವರೆಂದು ಮನೆಯಲ್ಲಿದ್ದವಳು ಅಮ್ಮಿಣಿ ಒಬ್ಬಳೇ. ಕುಡಿಯುವವಳ ಕೈಗೆ ಮಗು ಕೊಡುವುದಿಲ್ಲ ಎಂದು, ಪಕ್ಕದ ಮನೆಯವರ ಎದುರಿನಲ್ಲೇ ರೋಸಿಲಿ ಅವಳನ್ನು ಕಳಿಸಿಬಿಟ್ಟಳು. ನಾನು ವರಾಂಡದಲ್ಲಿ ಪೇಪರ್ ಓದುತ್ತಿದ್ದೆ. ಓದುತ್ತಲೇ ಇದ್ದೆ.

ಮಾತು ಊರಿಡೀ ಹಬ್ಬಿತು. ಬಾಣಂತನಕ್ಕೆ ಮುಂಚೆಯೇ ಹೇಳಿಟ್ಟಿದ್ದ ಎರಡು ಮನೆಯವರು ಅವಳನ್ನು ಬೇಡ ಎಂದರು. ನಾನೋ, ಮಗಳಿಗೆಂದು ಸುಳ್ಳು ಹೇಳಿ ಅಂಗಡಿಯಿಂದ ನನ್ನದೇ ಬಾಟಲಿ ತಂದೆ. ಕೊನೆಯದನ್ನು ಕುಡಿದದ್ದು ಕಳೆದ ಗುರುವಾರ.

ರೋಸಿಲಿ, ತಲೆ ತಗ್ಗಿಸಬೇಡ. ತಗ್ಗಿಸಬೇಕಾದವನು ನಾನು. ಇದನ್ನು ಮನೆಯಲ್ಲಿ ನಿನಗೊಬ್ಬಳಿಗೇ ಹೇಳಬಹುದಿತ್ತು. ಆದರೆ ಅಮ್ಮಿಣಿಯ ಮಾನ ಹೋದದ್ದು ನಾಲ್ಕು ಜನರೆದುರು. ನಾಲ್ಕು ಜನರೆದುರೇ ಹೇಳಬೇಕು: ಅಮ್ಮಿಣಿ ಚೇಚಿ ಆ ಬಾಟಲಿ ಮುಟ್ಟಿದ್ದು ಮಗಳಿಗೆ ಕೊಡುವುದಕ್ಕೆ ಮಾತ್ರ. ಕುಡಿದವನು ನಾನು. ಸಭಿಕರೇ, ಹೊರಗೆ ಹೋದ ಮೇಲೆ ನಿಮ್ಮಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಇದನ್ನು ಹೇಳಿ. ನಮ್ಮ ಕೂಟದಲ್ಲಿ ಆಡಿದ ಮಾತು ಹೊರಗೆ ಹೋಗಬಾರದೆಂಬ ನಿಯಮವಿದೆ. ಇದೊಂದು ಹೋಗಲಿ.

ನಿನ್ನೆ ಅವಳ ಮನೆಗೆ ಹೋಗಿದ್ದೆ. ಅಂಗಳ ಗುಡಿಸುತ್ತಿದ್ದಳು. ಎಲ್ಲ ಹೇಳಿದೆ. ಪೊರಕೆ ಕೆಳಗಿಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ತನಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು ಎಂದಳು. ತೀರಿಹೋದ ಅವಳ ಗಂಡನೂ ಹೀಗೇ ಚಮಚವನ್ನು ತೊಳೆದು, ಒರೆಸಿ ಇಡುತ್ತಿದ್ದನಂತೆ. ಬೇರೆ ಯಾವ ಗಂಡಸು ಚಮಚ ತೊಳೆದಿಡುತ್ತಾನೆ ಎಂದಳು. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಾನು ಹೇಳಿದ್ರೆ ಯಾರು ನಂಬ್ತಿದ್ರು ಚೇಟ್ಟಾ? ಅವತ್ತು ಗೇಟ್ ಹತ್ರ ಚಪ್ಪಲಿ ಹಾಕ್ಕೊಳ್ಳೋಕೆ ಅಷ್ಟೊತ್ತು ಯಾಕೆ ಮಾಡ್ದೆ ಅಂದ್ಕೊಂಡ್ರಿ? ನೀವು ಬಾಯಿ ಬಿಡ್ತೀರೇನೋ ಅಂತ ಕಾದೆ."

ನಾನು ಪೇಪರಿನ ಪುಟ ತಿರುಗಿಸಿದ್ದೆ.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ. ಫಾದರ್, ಪದಕ ಪೆಟ್ಟಿಗೆಯಲ್ಲೇ ಇರಲಿ. ಮಾಷ್, ಮುಂದಿನ ಭಾನುವಾರ ನನ್ನನ್ನು ಹೊಸಬರ ಬೆಂಚಿನಲ್ಲಿ ಕೂರಿಸಿ. ಅಡ್ಡ ಮಾತಾಡದೆ ಕೇಳಿಸಿಕೊಂಡಿದ್ದೀರಿ, ನಿಮಗೆಲ್ಲ ನನ್ನ ಕೃತಜ್ಞತೆ. ಇಂದಿಗೆ ನನಗೆ ಮೂರು ದಿನ. ನಮಸ್ಕಾರ.