ಮಿಂಚುಗೆರೆಯ ಹೊರಗೆ ನಿಂತವನು

ಮಧ್ಯಾಹ್ನ ಸುರಿದ ಮಳೆಗೆ ಎರಕದ ಕಾರ್ಖಾನೆಯ ಕರೆಂಟು ಹೋಯಿತು. ಕೆಲಸದವರೆಲ್ಲ ಊಟದ ಕೋಣೆಯಲ್ಲಿ ಒತ್ತೊತ್ತಾಗಿ ಕೂತರು. ಹೊಸಬರಿಗೆ ಕ್ರೇನು ಕಲಿಸಲು ಬಂದಿದ್ದ ಅಜ್ಜಿಯೂ ಅಲ್ಲಿದ್ದಳು. ಇಪ್ಪತ್ತೇಳು ವರ್ಷ ಯಾರಿಗೂ ಒಂದು ಗೀರು ತಾಗದಂತೆ ಕ್ರೇನು ನಡೆಸಿದವಳೆಂಬ ಬಿಗುಮಾನ ಅವಳ ಕೂತ ಭಂಗಿಯಲ್ಲೇ ಕಾಣುತ್ತಿತ್ತು.

"ದೆವ್ವ ಕಂಡಿದ್ದೀರಾ ಅಜ್ಜಿ?" ಯಾರೋ ಕೆಣಕಿದರು.

"ಕಂಡಿದ್ದೀನಿ, ಅದೂ ಹಾಡಹಗಲಲ್ಲಿ. ನಗಬೇಡ್ರೋ, ಕೇಳಿ... ನನಗೆ ಮೈಗ್ರೇನು. ತಲೆ ಸಿಡಿಯೋಕೆ ಮುಂಚೆ ಕಣ್ಣೆದುರು ಚೂರು ಜಾಗ ಅಳಿಸಿಹೋಗೋದು, ಅದರ ಸುತ್ತ ಗರಗಸದ ಹಲ್ಲಿನ ಹಾಗೆ ಮಿಂಚುಗೆರೆ ಎದ್ದು, ಹೊಳೀತಾ ಹೊಳೀತಾ ಅಗಲವಾಗಿ, ಅರ್ಧ ಗಂಟೇಲಿ ಅಂಚಿಗೆ ಸರಿದು ಮಾಯವಾಗೋದು. ಡಾಕ್ಟರಮ್ಮ ಅಂದ್ರು, 'ಕಣ್ಣಿಗೇನೂ ಆಗಿಲ್ಲ ಕಣಮ್ಮ. ಮೆದುಳಿನ ಹಿಂಭಾಗದಲ್ಲಿ, ನೋಟ ಮೂಡೋ ಕಡೆ, ಒಂದು ಅಲೆ ನಿಧಾನಕ್ಕೆ ಹರಿಯುತ್ತೆ. ಅದಕ್ಕೇ ಕಣ್ಣು ಮುಚ್ಚಿದ್ರೂ ಗೆರೆ ಕಾಣುತ್ತೆ.' ಹೆಂಗಸು ಕ್ರೇನು ಹತ್ತಿದ್ದಕ್ಕೇ ಮೂಗು ಮುರೀತಿದ್ದ ಕಾಲ ಅದು. ಇದು ಗೊತ್ತಾದ್ರೆ ಬಿಡ್ತಾರಾ? ಬಾಯಿ ಬಿಡಲಿಲ್ಲ.

ಒಂದಿನ ಕರಗಿದ ಕಬ್ಬಿಣದ ಬಾನಿ ಎತ್ತಿದ್ದೆ, ಗೆರೆ ಶುರುವಾಯ್ತು. ಅಳಿಸಿಹೋದ ಜಾಗದಲ್ಲಿ ಏನು ಕಾಣಬೇಕು? ಏನೂ ಕಾಣಬಾರದು, ಅಲ್ವಾ? ಅಲ್ಲಿ ಫಿಟ್ಟರ್ ಮಾಮ ನಿಂತಿದ್ದ... ನನಗೆ ಕ್ರೇನು ಕಲಿಸಿದವನು, ಸತ್ತು ಎರಡು ವರ್ಷ ಆಗಿತ್ತು. ತೊಲೆ ಮೇಲೆ ನಿಂತು ತಂತಿಹಗ್ಗದ ಕಡೆ ಬೆರಳು ಮಾಡ್ತಿದ್ದ. ಬಿಗಿಯಾಗಿ ಕಣ್ಣು ಮುಚ್ಚಿದೆ. ಗೆರೆ ಹಾಗೇ ಇತ್ತು... ಅವನಿರಲಿಲ್ಲ. ಅಂದ್ರೆ ಏನಾಯ್ತು? ಗೆರೆ ನನ್ನ ತಲೆಯೊಳಗಿಂದು. ಅವನು ಹೊರಗಿದ್ದ!

ಮೆಲ್ಲಗೆ ಬಾನಿ ಇಳಿಸಿ ಕ್ರೇನು ನಿಲ್ಲಿಸಿದೆ. ಮೇಸ್ತ್ರಿ ಕೆಂಡಾಮಂಡಲ. 'ಹಗ್ಗ ಬಿಚ್ಚಿ ನೋಡೋವರೆಗೂ ಕೀಲಿ ಕೊಡಲ್ಲ' ಅಂತ ಸೆಟೆದು ನಿಂತೆ. ಮೈಗ್ರೇನಿನ ಗುಟ್ಟೂ ಹೇಳಿಬಿಟ್ಟೆ, ಕೆಲಸ ಹೋದ್ರೆ ಹೋಗ್ಲಿ ಅಂತ. ಬಿಚ್ಚಿದ್ರೆ, ಒಳಗಿನ ಎಳೆಗಳೆಲ್ಲ ಕಡಿದಿದ್ವು! ಬಾನಿ ಕೆಳಗೆ ಹನ್ನೊಂದು ಜನ ಇದ್ರು ಕಣ್ರೋ. ಮೇಸ್ತ್ರಿ ಬಂದು ಕೈ ಹಿಡ್ಕೊಂಡು ಅತ್ತ. ಗೆರೆ ಬಂದಾಗ ನಾನು ಕೆಳಗಿಳಿಯೋ ಹಾಗೆ ಇನ್ನೊಬ್ಬರನ್ನ ಜೊತೆಗೆ ಕೊಟ್ರು, ಕುರ್ಚಿ ಮಾತ್ರ ನನ್ನದೇ ಆಗಿ ಉಳೀತು."

ಅಜ್ಜಿಯ ಗದ್ದ ಮೇಲೆದ್ದಿತು. ಹನ್ನೊಂದು ಮನೆಗಳ ದೀಪ ತಾನು ಉಳಿಸಿದ್ದು. ಅದನ್ನು ಹೇಳಿಕೊಳ್ಳಲು ಅವಳಿಗೆ ಯಾವ ಸಂಕೋಚವೂ ಇರಲಿಲ್ಲ.

"ಈಗಲೂ ಗೆರೆ ಬರುತ್ತಾ ಅಜ್ಜಿ?"

"ತಲೆನೋವೂ ನಿಂತುಹೋಯ್ತು, ಗೆರೆನೂ ನಿಂತುಹೋಯ್ತು, ಒಂಬತ್ತು ವರ್ಷ ಆಯ್ತು." ಅವಳ ನೋಟ ಎದುರುಗೋಡೆಯ ಮೇಲೆ ನೆಟ್ಟಿತ್ತು. "ಎಲ್ಲರೂ ಏಳಿ. ಗಲಾಟೆ ಮಾಡದೆ ಆ ಗೋಡೆ ಬಿಟ್ಟು ನನ್ನ ಕಡೆ ಬನ್ನಿ... ಮಾಮ ಅಲ್ಲಿ ನಿಂತಿದ್ದಾನೆ."