ಅಕ್ಕನಕುಂಟೆಗೆ ಆ ಹೆಸರು ಬಂದದ್ದು

...ಅಲ್ಲ, ನಿಲ್ಲು ಇಂಚರ. ಬ್ಯಾಗು ಆಮೇಲೆ ಎತ್ಕೊಳ್ಳುವಂತೆ. ಊರು ನೋಡೋಕೆ ಅಂತ ನಿನ್ ಹಿಂದೆ ಬಂದಿದ್ದ ಜನ ಎಲ್ಲಾ ಕಾಫಿಗೆ ಹೋದ್ರಲ್ಲ, ಈಗ ನಾವಿಬ್ರೇ. ಸಪ್ಪಲಮ್ಮ ಅಂದ್ರೆ ಯಾರು ಅಂತ ಈ ಕುಮಾರಸ್ವಾಮಿ ಲೇಔಟ್ ಕಡೆ ಯಾರನ್ ಬೇಕಾದ್ರೂ ಕೇಳು. ಲೇಔಟ್ ಆಗೋಕ್ ಮುಂಚೆ ಇಲ್ಲಿದ್ದ ಹಳ್ಳೀಲಿ ಹುಟ್ಟಿದೋಳು ನಾನು. ನೀನು ಭಾನುವಾರ ಭಾನುವಾರ ಜಯನಗರದಿಂದ ಬಂದು, ನಮ್ಮೂರ ಹೆಸರಿಗೆ ಅರ್ಥ ಹೇಳ್ತೀಯ.

ಏನಂದೆ ಅವರಿಗೆ? ಯಾವುದೋ ಪಾಳೇಗಾರನ ಕಾಲದಲ್ಲಿ ಕುಂಟೇಲಿ ನೀರು ನಿಲ್ಲಲಿಲ್ಲ, ಮನೆಯ ಹಿರೀ ಮಗಳನ್ನ ಬಲಿ ಕೊಟ್ರು, ಅದಕ್ಕೇ ಅಕ್ಕನಕುಂಟೆ. ಚೆನ್ನಾಗಿದೆ. ಒಬ್ಬಮ್ಮ ಕಣ್ಣೊರೆಸ್ಕೊಂಡ್ಲು, ನೋಡ್ದೆ. ಇನ್ನೊಬ್ಬ, ಕುಂಟೆ ಇದ್ದ ಜಾಗದ ಈ ಪಾರ್ಕಿನ ಕಲ್ಲಿಗೆ ಕುಂಕುಮ ಹಚ್ಚಿ ಫೋಟೋ ತೆಗೆದ. ಅದು ಬಟ್ಟೆ ಒಗೆಯೋ ಕಲ್ಲು ಕಣಮ್ಮ.

ತಲೆ ಯಾಕೆ ತಗ್ಗಿಸ್ತೀಯ? ಹೇಳುವಾಗ ಇರಲಿಲ್ಲ ಈ ನಾಚಿಕೆ.

ಬಲೀನೂ ಇಲ್ಲ, ಅಕ್ಕನೂ ಇಲ್ಲ. ಅದು ಹಕ್ಕಿಕುಂಟೆ. ಹೊತ್ತು ಮುಳುಗೋ ಹೊತ್ಗೆ ಕೊಕ್ಕರೆ ಬಂದು ಕೂರ್ತಿದ್ವು. ನಮ್ ಬಾಯಲ್ಲಿ 'ಹ' ನಿಲ್ಲಲ್ಲ. ಹಕ್ಕಿ ಅಕ್ಕಿ ಆಯ್ತು, ಬೋರ್ಡ್ ಬರೆಯೋನು ಅಕ್ಕ ಮಾಡ್ದ. ಅಷ್ಟೇ ಕತೆ. ರೆಕಾರ್ಡ್ ಮಾಡ್ಕೊ.

ಯಾಕೆ, ಫೋನ್ ತೆಗೀತಿಲ್ಲ? ಹತ್ತು ಪ್ರಶ್ನೆ ಕೇಳೋಳು ನೀನು... ಏನ್ ಹಂಗ್ ನೋಡ್ತಿದೀಯ? ಓ. ಮುನಿಯಣ್ಣ. ಬಸ್ ಸ್ಟಾಪಲ್ಲಿ ಹೂವು ಮಾರ್ತಾನಲ್ಲ, ನನ್ ವಾರಿಗೆಯೋನು. ಈಗ ತಾನೆ ನೀನು ಅವನತ್ರ ಮಾತಾಡ್ಕೊಂಡ್ ನಿಂತಿದ್ದೆ. ಹೇಳಿದ್ನಾ? ಹೂಂ ಅನ್ನು, ಇಲ್ಲ ಅನ್ನು...

ಸರಿ. ಹೇಳವ್ನೆ.

ಅವನಿಗೇನ್ ಗೊತ್ತು. ಈ ಲೇಔಟ್ ಮನೆಗಳ ಇಟ್ಟಿಗೆಗೆ ಅಂತ ಬೇಸಿಗೇಲಿ ಕುಂಟೆಯೊಳಗೇ ಮಣ್ಣು ಬಗೆದ್ರು. ಮಳೆ ಬಂದ್ಮೇಲೆ ಹಳ್ಳ ಯಾವುದು, ನೆಲ ಯಾವುದು, ಎಲ್ಲಾ ಒಂದೇ ನೀರು. ನಮ್ಮಕ್ಕ ಯಾವಾಗ್ಲೂ ಮೊಣಕಾಲುದ್ದ ನೀರಲ್ಲಿ ನಿಂತು ಬಟ್ಟೆ ಜಾಲಿಸ್ತಿದ್ದ ಜಾಗ. ಒಂದ್ ಹೆಜ್ಜೆ ಮುಂದಿಟ್ಲು. ನಾನು ದಡದಲ್ಲಿದ್ದೆ, ಇಷ್ಟುದ್ದ ಇದ್ದೆ.

ಎದ್ದು ಬರ್ತಾಳೆ ಅಂದ್ಕೊಂಡಿದ್ದೆ. ದಿನಾ ಸಾಯಂಕಾಲ ಹೋಗಿ ಕೂಗ್ತಿದ್ದೆ, ಅಕ್ಕಾ... ಅಕ್ಕಾ... ಅಮ್ಮ ಬಂದು ಎಳ್ಕೊಂಡ್ ಹೋಗೋವರೆಗೂ. ಇಟ್ಟಿಗೆ ಲಾರಿಯೋರು ಅದನ್ನ ಕೇಳಿಸ್ಕೊಂಡ್ರು. 'ಎಲ್ಲೋ ಲೋಡು?' ಅಂದ್ರೆ 'ಅಕ್ಕನಕುಂಟೇಲಿ' ಅನ್ನೋರು. ಲಾರಿ ಹೋಯ್ತು, ಬಸ್ ಬಂತು. ಈಗ ಕಂಡಕ್ಟರ್ ಅದೇ ಹೆಸರು ಕೂಗ್ತಾನೆ. ನಾನು ಒಂದು ಸ್ಟಾಪ್ ಮುಂಚೇನೇ ಇಳಿದು ನಡ್ಕೊಂಡ್ ಬರ್ತೀನಿ.

ಕೈ ಬಿಡು. ಬಿಡು ಅಂದೆ.

ನೀನೇನೋ ಕೇಳೋಕ್ ಬಾಯಿ ತೆಗೆದೆ, ಮುಚ್ಕೊಂಡೆ. ಗೊತ್ತಾಯ್ತು. ಅವಳಿಗೂ ಒಂದು ಹೆಸರಿತ್ತು. ಇದುವರೆಗೂ ಯಾರೂ ಕೇಳಿಲ್ಲ. ನಿನಗೆ ಮಾತ್ರ ಹೇಳಲ್ಲ. ಹೇಳಿದ್ರೆ, ಅದಕ್ಕೂ ಒಂದು ಅರ್ಥ ಹುಡುಕ್ತೀರ.