ದೆವ್ವದ ಕಾಲುಂಗುರ

ಆ ಬೆಳಿಗ್ಗೆ ಶಿವಮೊಗ್ಗದ ಬಸ್ ನಿಲ್ದಾಣದ ಮೇಲೆ ತೆಳ್ಳಗೆ ಮಂಜು ಕವಿದಿತ್ತು. ನನ್ನ ಪಕ್ಕದ ಬೆಂಚಿನಲ್ಲಿ ಭದ್ರಾವತಿಯ ಉಚ್ಚಂಗಮ್ಮ, ಒಂದು ಕಾಲದಲ್ಲಿ ಸಿನಿಮಾಕ್ಕೆ ಲೈಟು ಹಿಡಿಯುತ್ತಿದ್ದ ನಾಗಯ್ಯ.

“ಭಾನುವಾರ ಟಿವೀಲಿ ನಮ್ ದೆವ್ವದ ಪಿಕ್ಚರ್ ನೋಡಿದ್ರಾ?” ಎಂದ ನಾಗಯ್ಯ.

“ನೋಡ್ದೆ. ಮುಖ ಹೀರೋಯಿನ್‌ದು, ಹೊಳೆ ದಂಡೇಲಿ ನಡೆಯೋ ಪಾದ ನಂದು.”

“ದೆವ್ವ ಮದುವೆಯಾಗದೆ ಸತ್ತೋಳು, ಕಾಲುಂಗುರ ಇರಬಾರದು ಅಂತ ನಿಮ್ದು ತೆಗೆಸಿದ್ರು.”

“ನಿನ್ ಕೈಗೆ ಕೊಟ್ರೆ ಲಾರಿ ಹತ್ತಿ ಮಾಯವಾದೆ. ನಿಜವಾದ ದೆವ್ವ ನೀನೇ ಮಾರಾಯ.”

“ಇವತ್ತು ಕೊಡೋಕಂತ ನಿಮ್ಮನೆಗೇ ಹೊರಟಿದ್ದೆ. ಅವತ್ತು ಯಜಮಾನ್ರಿಗೆ ಏನಂದ್ರಿ?”

“ಶೂಟಿಂಗಿಗೆ ಬಂದಿದ್ದು ಅವರಿಗೆ ಗೊತ್ತಿಲ್ಲ. ಹೊಳೇಲಿ ಬಿತ್ತು ಅಂದೆ. ಮೂರು ದಿನ ಮುಳುಗಿ ಹುಡುಕಿದ್ರು, ಪಾಪ.”

“ಈಗ ಬೈತಾರೇನೋ.”

“ಬೈಯಲಿ. ಮೂವತ್ತು ವರ್ಷ ಮುಚ್ಚಿಟ್ಟಿದ್ದು ಇವತ್ತು ಹೇಳಿಬಿಡ್ತೀನಿ.”

ಬಸ್ಸು ಬಂತು. ನಾಗಯ್ಯ ಆ ಬೆಳ್ಳಿಯ ಜೋಡಿಯನ್ನು ಜೇಬಿನಿಂದ ತೆಗೆದು ಉಚ್ಚಂಗಮ್ಮನವರ ಅಂಗೈಯಲ್ಲಿಟ್ಟ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಬಸ್ಸು ಹತ್ತಿದರು.